ಡಿಸ್‌ಚಾರ್ಜ್ ಸಮ್ಮರಿಯಲ್ಲಿರುವ ‘ಕೆ 63.9’ ಏನನ್ನು ಹೇಳುತ್ತದೆ?

ಪ್ರಶ್ನೆ: ನಮ್ಮ ತಂದೆಯವರಿಗೆ 58 ವರ್ಷ. ಎರಡು ತಿಂಗಳಿಂದ ಹೊಟ್ಟೆನೋವು ಮತ್ತು ಭೇದಿ ಇದ್ದುದರಿಂದ ಕೊಲೊನೋಸ್ಕೋಪಿ ಮಾಡಿ, ಬಯಾಪ್ಸಿಗೆ ಕಳುಹಿಸಿದ್ದಾರೆ. ವರದಿ ಇನ್ನೂ ಬಂದಿಲ್ಲ. ಡಿಸ್‌ಚಾರ್ಜ್ ಸಮ್ಮರಿಯಲ್ಲಿ ‘ಕೆ 63.9’ ಎಂದಿದೆ, ‘ನಿರ್ದಿಷ್ಟಪಡಿಸದ ಕರುಳಿನ ಕಾಯಿಲೆ’ ಎಂದು ಅದರ ಅರ್ಥವಂತೆ. ವೈದ್ಯರಿಗೆ ರೋಗವೇ ತಿಳಿದಿಲ್ಲವೇ? ವಿಮೆಯ ಹಣಕ್ಕೆ ತೊಂದರೆಯಾಗುವುದೇ?

ಉತ್ತರ: ನಿಮ್ಮ ಆತಂಕ ಸಹಜವಾದದ್ದು, ಆದರೆ ಆ ಸಂಕೇತ ನಿಮ್ಮ ತಂದೆಯವರ ಕಾಯಿಲೆಯ ಕುರಿತ ಅಂತಿಮ ತೀರ್ಮಾನವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೆಯ ಆವೃತ್ತಿಯಲ್ಲಿ ‘ಕೆ’ ಅಕ್ಷರ ಜೀರ್ಣಾಂಗಗಳ ಅಧ್ಯಾಯವನ್ನೂ, 63 ಕರುಳಿನ ‘ಇತರ’ ಕಾಯಿಲೆಗಳನ್ನೂ ಸೂಚಿಸುತ್ತದೆ. ಚುಕ್ಕಿಯ ನಂತರ 8 ಇದ್ದರೆ, ಕಾಯಿಲೆ ಯಾವುದೆಂದು ಗೊತ್ತಿದೆ, ಅದಕ್ಕೆ ಪ್ರತ್ಯೇಕ ಸಂಕೇತವಿಲ್ಲ ಎಂದರ್ಥ. 9 ಇದ್ದರೆ, ಬರೆದ ದಿನದ ದಾಖಲೆಯಲ್ಲಿ ಅಷ್ಟು ವಿವರವಿರಲಿಲ್ಲ ಎಂದಷ್ಟೇ ಅರ್ಥ. ರೋಗ ಎಷ್ಟು ತೀವ್ರ ಎಂಬುದನ್ನು ಈ ಅಂಕಿ ಹೇಳುವುದಿಲ್ಲ.

ಬಯಾಪ್ಸಿ ವರದಿ ಬರುವ ಮುನ್ನ ಹೀಗೆ ಬರೆಯುವುದೇ ಪ್ರಾಮಾಣಿಕ ಕ್ರಮವೆಂದು ನಾನು ಭಾವಿಸುತ್ತೇನೆ. ನಮ್ಮ ದೇಶದಲ್ಲಿ ಇದಕ್ಕೆ ವಿಶೇಷ ಕಾರಣವೂ ಇದೆ: ಕರುಳಿನ ಕ್ಷಯ ಮತ್ತು ಕ್ರೋನ್ಸ್ ಕಾಯಿಲೆ (ಕರುಳಿನ ದೀರ್ಘಕಾಲದ ಉರಿಯೂತ) ಎರಡರಲ್ಲೂ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹುಣ್ಣಾಗಬಹುದು, ಕರುಳು ಕಿರಿದಾಗಬಹುದು, ಕೊಲೊನೋಸ್ಕೋಪಿಯಲ್ಲಿ ಕಣ್ಣಿಗೆ ಕಂಡಷ್ಟರಿಂದಲೇ ಇವೆರಡನ್ನೂ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಒಂದಕ್ಕೆ ತಿಂಗಳುಗಟ್ಟಲೆ ಕ್ಷಯದ ಔಷಧಿ ಬೇಕು. ಇನ್ನೊಂದಕ್ಕೆ ಕೊಡುವ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳು ಕ್ಷಯವಿದ್ದವರಲ್ಲಿ ಸೋಂಕನ್ನು ಉಲ್ಬಣಗೊಳಿಸಬಲ್ಲವು. ಕ್ಷಯದ ಕಲ್ಚರ್ (ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆ) ಫಲಿತಾಂಶಕ್ಕೆ ಕೆಲವೊಮ್ಮೆ ಆರು ವಾರ ಕಾಯಬೇಕಾಗುತ್ತದೆ. ಅವಸರದಲ್ಲಿ ತಪ್ಪು ಹೆಸರಿಡುವುದಕ್ಕಿಂತ ಹೆಸರಿಡದಿರುವುದು ಮೇಲು. ಮುಂದೆ ಕ್ಷಯವೆಂದು ಖಚಿತವಾದರೆ ಸಂಕೇತ ‘ಎ 18.3’ ಆಗುತ್ತದೆ, ಕ್ರೋನ್ಸ್ ಆದರೆ ‘ಕೆ 50’. ಎರಡೂ ಅಲ್ಲದೆ ಬೇರೇನಾದರೂ ಇರಬಹುದು. ಆದ್ದರಿಂದ ವರದಿ ಬಂದ ಕೂಡಲೇ ವೈದ್ಯರನ್ನು ಕಂಡು, ದಾಖಲೆಯಲ್ಲಿ ರೋಗದ ಹೆಸರು ಮತ್ತು ಸಂಕೇತ ಎರಡನ್ನೂ ತಿದ್ದಿಸಿಕೊಳ್ಳಿ.

ವಿಮೆಯ ಕ್ಲೇಮ್ ನಮೂನೆಯಲ್ಲಿ ಆಸ್ಪತ್ರೆಯವರು ತುಂಬುವ ಭಾಗದಲ್ಲಿ ಈ ಸಂಕೇತಕ್ಕೆ ಜಾಗವಿದೆ. ಅಸ್ಪಷ್ಟ ಸಂಕೇತ ಕಂಡಾಗ ವಿಮಾ ಕಂಪನಿಯವರು ಹೆಚ್ಚಿನ ವಿವರ ಕೇಳಬಹುದು. ಕೊಲೊನೋಸ್ಕೋಪಿ ವರದಿ, ಬಯಾಪ್ಸಿ ವರದಿ ಮತ್ತು ವೈದ್ಯರ ಟಿಪ್ಪಣಿಯನ್ನು ಜೊತೆಗಿಟ್ಟುಕೊಳ್ಳಿ.

ಈ ನಡುವೆ ಮಲದಲ್ಲಿ ರಕ್ತ, ಸಂಜೆಯ ಜ್ವರ ಅಥವಾ ತೂಕದ ಇಳಿಕೆ ಕಂಡರೆ ವರದಿಗಾಗಿ ಕಾಯದೆ ವೈದ್ಯರಿಗೆ ತಿಳಿಸಿ. ಹೊಟ್ಟೆ ಉಬ್ಬರಿಸಿ, ವಾಂತಿಯಾಗಿ, ಗಾಳಿಯೂ ಹೋಗದಂತಾದರೆ ಕರುಳು ಕಟ್ಟಿಕೊಂಡಿರುವ ಸಂಭವವಿರುವುದರಿಂದ ಅದೇ ಹೊತ್ತಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ.