ಕೇಳ್ರಿ, ಹೇಳ್ತೀವಿ: ಯುದ್ಧ ಬ್ಯಾಡಾಗಿತ್ತು, ಬುಷ್ ಹೆಂಗ್ ಗೆದ್ದ?

ಪ್ರಶ್ನೆ: ನಾನು ನನ್ನ ರೂಮ್‌ಮೇಟ್ ಇಬ್ಬರೂ ಎಂಎ ರಾಜ್ಯಶಾಸ್ತ್ರ ಓದ್ತೀವ್ರಿ. ಸೆಮಿನಾರಿಗಿ 2004ರ ಅಮೆರಿಕಾ ಎಲೆಕ್ಷನ್ ಬಂದದ. ಅವ ಅಂತಾನ, ಇರಾಕ್ ಯುದ್ಧ ಮಂದಿಗೆ ಬ್ಯಾಡಾಗಿತ್ತು, ಜಾನ್ ಕೆರಿ ಛಲೋ ಕ್ಯಾಂಡಿಡೇಟು, ಬುಷ್ ಮೋಸ ಮಾಡಿ ಗೆದ್ದ ಅಂತ. ನಾ ಅಂತೀನಿ ಕೆರಿಗಿ ಒಂದ್ ಮಾತಿನ ಮ್ಯಾಲ ನಿಂದರಾಕ ಬರ್ತಿದ್ದಿಲ್ಲ ಅಂತ. ಮೂರು ದಿನ ಆಯ್ತು, ಮೆಸ್‌ಗೂ ಬ್ಯಾರೆ ಬ್ಯಾರೆ ಹೋಗ್ತೀವಿ. ಯಾರದು ಖರೆ?
- ಒಬ್ಬ ವಿದ್ಯಾರ್ಥಿ, ಕಲಬುರಗಿ

ಮೊದಲ ಕೂಡಿ ಊಟಕ್ಕ ಹೋಗ್ರಪ್ಪಾ, ಬುಷ್ ಕೆರಿ ಇಬ್ಬರೂ ಆರಾಮ ಮನ್ಯಾಗ ಅದಾರ. ನಿಮ್ಮ ರೂಮ್‌ಮೇಟ್ ತಾರೀಖು ನೋಡಿಲ್ಲ ಅನಸ್ತದ. 2003ರ ಮಾರ್ಚ್‌ದಾಗ ಯುದ್ಧ ಸುರು ಆದಾಗ ಅಲ್ಲಿ ಹತ್ತು ಮಂದ್ಯಾಗ ಏಳು ಮಂದಿ ಹೂಂ ಅಂದಿದ್ರು. ಮೇ 1ಕ್ಕ ಬುಷ್ ಸಾಹೇಬ ಯುದ್ಧನೌಕಿ ಮ್ಯಾಲ ಇಳದು ಭಾಷಣ ಹೊಡದ, ಹಿಂದ 'ಮಿಷನ್ ಅಕಾಂಪ್ಲಿಶ್ಡ್' ಅಂತ ದೊಡ್ಡ ಬ್ಯಾನರ್, ಕೆಲಸ ಮುಗೀತು ಅಂತ, ಆದ್ರ ಮುಗಿದಿದ್ದಿಲ್ಲ, ಯಾವ ಅಸ್ತ್ರ ತುಂಬಿಟ್ಟಾನ ಅಂತ ಇರಾಕಿನ ಸರ್ವಾಧಿಕಾರಿ ಸದ್ದಾಮ್ ಮ್ಯಾಲ ಹೋಗಿದ್ರೋ ಆ ಅಸ್ತ್ರದ ಗೋದಾಮೂ ಸಿಗಲಿಲ್ಲ, 2004ರ ಸೆಪ್ಟೆಂಬರ್‌ಕ್ಕ ಸತ್ತ ಅಮೆರಿಕನ್ ಸೈನಿಕರ ಲೆಕ್ಕ ಸಾವಿರ ದಾಟ್ತು. ಆದ್ರೂ ನವೆಂಬರ್‌ದಾಗ ಓಟು ಹಾಕೋ ಹೊತ್ತಿಗಿ ಮಂದಿ ಅರ್ಧಕ್ಕರ್ಧ ಇದ್ರು. ಯುದ್ಧದ ಮ್ಯಾಲ ಖರೇನ ಸಿಟ್ಟು ಬಂದದ್ದು 2006ರ ಹೊತ್ತಿಗಿ, ಆಗ ಕೆರಿ ಎಲ್ಲಿದ್ದ?

ಇನ್ನ ಕೆರಿ ಸುದ್ದಿ. 2002ರ ಅಕ್ಟೋಬರ್‌ದಾಗ ಯುದ್ಧಕ್ಕ ಬುಷ್ ಕೈಯಾಗ ಅಧಿಕಾರ ಕೊಡೋ ನಿರ್ಣಯ ಸೆನೆಟ್‌ದಾಗ, ಅಂದ್ರ ಅವರ ಸಂಸತ್ತಿನ ಮೇಲ್ಮನ್ಯಾಗ, 77-23ರಲ್ಲಿ ಪಾಸಾಯ್ತು, ಆ 77ರಾಗ ಕೆರಿನೂ ಒಬ್ಬ. ಕೆರಿಯ ಡೆಮಾಕ್ರಾಟ್ ಪಾರ್ಟಿನೇ ಒಡದಿತ್ತು, 29 ಮಂದಿ ಹೂಂ, 21 ಮಂದಿ ಊಹೂಂ. ಮರುವರ್ಷ ಯುದ್ಧಕ್ಕ 8,700 ಕೋಟಿ ಡಾಲರ್ ರೊಕ್ಕ ಕೇಳಿದಾಗ ಕೆರಿ ಬ್ಯಾಡ ಅಂದ. ಯಾಕ್ರೀ ಹಿಂಗ ಅಂತ ಕೇಳಿದ್ರ, ನಾ ಬ್ಯಾಡ ಅನ್ನೋಕಿಂತ ಮೊದಲ ಬೇಕು ಅಂತನೇ ಓಟು ಹಾಕಿದ್ದೆ ಅಂದ! ಅಂವ ಹೇಳಿದ್ದು ಬ್ಯಾರೆ ತಿದ್ದುಪಡಿ ಬಗ್ಗೆ, ತಿಳಿಸಿ ಹೇಳಿದ್ರ ಅರ್ಥ ಅದ, ಆದ್ರ ಎಲೆಕ್ಷನ್‌ದಾಗ ತಿಳಿಸಿ ಹೇಳೋ ತನಕ ಯಾರು ಕೂಡ್ತಾರ? ಬುಷ್ ಕಡಿಯೋರು ಅದನ್ನೇ ಜಾಹೀರಾತು ಮಾಡಿ ದಿನಾ ಟಿವ್ಯಾಗ ತಿರುವಿ ತಿರುವಿ ಹಾಕಿದ್ರು. ಆಗಸ್ಟ್‌ದಾಗ ಮತ್ತ ಕೇಳಿದ್ರು, ಈಗಿನ ಸುದ್ದಿ ಎಲ್ಲಾ ಗೊತ್ತಿದ್ರೂ ಬುಷ್‌ಗೆ ಅಧಿಕಾರ ಕೊಡೋ 2002ರ ಆ ಓಟು ಹಾಕ್ತಿದ್ದೇನು ಅಂತ. ಹೌದು ಅಂದ. ನಂಗ ಕೇಳಿದ್ರ ಆವತ್ತೇ ಸೋತ.

ಮೊದ್ಲಿಂದ ಯುದ್ಧ ಬ್ಯಾಡ ಅಂತಿದ್ದ ಹೋವರ್ಡ್ ಡೀನ್ ಅಂತ ಒಬ್ಬ ಇದ್ದ ನೋಡ್ರಿ ಅದೇ ಪಾರ್ಟ್ಯಾಗ. 2004ರ ಜನವರಿದಾಗ ಪಾರ್ಟಿ ಕ್ಯಾಂಡಿಡೇಟ್ ಆರಿಸೋ ಮೊದಲ ಸುತ್ತು ಅಯೋವಾ ರಾಜ್ಯದಾಗ ಆಯ್ತು, ಅಲ್ಲಿ ಮೂರನೇ ನಂಬರ್‌ಕ್ಕ ಬಿದ್ದ. ಪಾರ್ಟಿ ಮಂದಿ ಮನಸಿನ್ಯಾಗ ಡೀನ್ ಇದ್ದ, ಲೆಕ್ಕದಾಗ ಕೆರಿ. ಯಾಕಂದ್ರ ಕೆರಿ ವಿಯೆಟ್ನಾಂದಾಗ ಕಾದಾಡಿ ಮೆಡಲ್ ತಂದಂವ, ಬುಷ್ ಆ ಟೈಮಿಗಿ ಟೆಕ್ಸಾಸ್‌ದ ನ್ಯಾಷನಲ್ ಗಾರ್ಡ್ ಅನ್ನೋ ಮೀಸಲು ಪಡ್ಯಾಗ ಇದ್ದ, ಹಿಂಗಾಗಿ ಫೌಜಿ ಕ್ಯಾಂಡಿಡೇಟ್‌ಗೆ ದೇಶದ್ರೋಹಿ ಅನ್ನಾಕ ಆಗಂಗಿಲ್ಲ ಅಂತ ಲೆಕ್ಕ. ಅಂದ್ರಲ್ಲ! ಆ ಮೆಡಲ್ಲೇ ಸುಳ್ಳು ಅಂತ ಹಳೇ ನೌಕಾಪಡೆಯೋರ ಒಂದ್ ಗುಂಪು ಜಾಹೀರಾತು ಹಾಕ್ತು. ಆ ಮಾತು ದಾಖಲೆ ಮುಂದ ನಿಲ್ಲಲಿಲ್ಲ, ಆದ್ರ ಅಷ್ಟೊತ್ತಿಗಿ ಕೆರಿಗಿ ಪೆಟ್ಟು ಬಿದ್ದಾಗಿತ್ತು. ಇಲ್ಲಿ ನಿಮ್ಮ ರೂಮ್‌ಮೇಟ್‌ಗೆ ಒಂದ್ ಮಾರ್ಕ್ ಕೊಡ್ರಿ. ಕಡಿಗಿ ರಾಜ್ಯವಾರು ಲೆಕ್ಕ ಹಾಕೋ ಎಲೆಕ್ಟೋರಲ್ ಓಟಿನ್ಯಾಗ ಬುಷ್ 286, ಕೆರಿ 251. ಒಹಾಯೋ ಒಂದೇ ರಾಜ್ಯ ಈ ಕಡಿ ಬಂದಿದ್ರ ಕೆರಿ ಪ್ರೆಸಿಡೆಂಟು, ಅಲ್ಲಿ ಅಂತರ 1.18 ಲಕ್ಷ ಅಷ್ಟೇ, ನಮ್ಮಲ್ಲಿ ಒಂದ್ ಅಸೆಂಬ್ಲಿ ಕ್ಷೇತ್ರದಾಗ ಬೀಳೋ ಓಟಿನಷ್ಟೂ ಅಲ್ಲ.

ಪ್ರಶ್ನೆ: ಹೋದ ವಾರನೂ ಅಮೆರಿಕಾ, ಈ ವಾರನೂ ಅಮೆರಿಕಾ. ತೊಗರಿ ರೇಟಿನ ಬಗ್ಗೆ ಯಾವಾಗ ಬರೀತೀರಿ?
- ಒಬ್ಬ ರೈತ, ಶಹಾಪುರ, ಯಾದಗಿರಿ ಜಿಲ್ಲಾ

ಬೈರಿ ಯಜಮಾನ್ರ, ಬೈಸ್ಕೊಳ್ಳೋದು ನ್ಯಾಯ ಅದ. ಪ್ರಶ್ನೆ ಯಾವುದು ಬರ್ತದೋ ಅದಕ್ಕ ಉತ್ತರ. ರೇಟಿನ ಬಗ್ಗೆ ನೀವೇ ಒಂದ್ ಪ್ರಶ್ನೆ ಬರದು ಕಳಸ್ರಿ.

ಪ್ರಶ್ನೆ: ನಮ್ಮನ್ಯಾಗ ಮಾವನೋರು, ನಮ್ಮನಿಯವ್ರು ಒಂದೇ ಪಾರ್ಟಿ. ಪಾರ್ಟಿ ಏನ್ ಮಾಡಿದ್ರೂ ಸರಿನೇ. ನಾ ಒಂದ್ ಮಾತು ತಪ್ಪು ಅಂದ್ರ ನೀ ಆ ಪಾರ್ಟ್ಯಾಕಿ ಅಂತಾರ. ಅಮೆರಿಕಾದಾಗರ ತಮ್ಮ ಪಾರ್ಟಿ ಪ್ರೆಸಿಡೆಂಟ್‌ಗೇ ಯುದ್ಧ ಬ್ಯಾಡ ಅಂದೋರು ಇದ್ರೇನ್ರಿ?
- ಒಬ್ಬ ಗೃಹಿಣಿ, ಸೇಡಂ

ಇದ್ದ ತಾಯಿ, ಸೆನೆಟ್‌ದಾಗ ಒಬ್ಬನೇ ಒಬ್ಬ. 2002ರ ನಿರ್ಣಯಕ್ಕ ಬಿದ್ದ ಆ 23 ಊಹೂಂ ಅದಾವಲ್ಲ, ಅದ್ರಾಗ ಬುಷ್ ಪಾರ್ಟಿಯಂವ ಲಿಂಕನ್ ಚೇಫಿ ಒಬ್ಬನೇ, ರೋಡ್ ಐಲೆಂಡ್ ಅನ್ನೋ ಸಣ್ಣ ರಾಜ್ಯದಂವ. 2004ದಾಗ ಬುಷ್‌ಗೂ ಓಟು ಹಾಕಲಿಲ್ಲ, ಎದುರಿನಂವಗೂ ಹಾಕಲಿಲ್ಲ, ಬ್ಯಾಲೆಟ್‌ದಾಗ ಬುಷ್‌ನ ಅಪ್ಪನ ಹೆಸರು ಬರದು ಬಂದ! ಜಗಳ ಮಗನ ಸಂಗಾಟ, ಮನೆತನದ ಸಂಗಾಟ ಅಲ್ಲ ಅಂತ ಇರಬೇಕು. ಇಂಥಂವಗ ಯುದ್ಧದ ಸಿಟ್ಟು ಬಂದಾಗ ಹಾರ ಹಾಕಬೇಕಿತ್ತಲ್ಲ? 2006ದಾಗ ಅದೇ ಸಿಟ್ಟಿನ್ಯಾಗ ಅವನ್ನೇ ಸೋಲಿಸಿದ್ರು, ಮನುಷ್ಯಾ ಛಲೋ, ಪಾರ್ಟಿ ಬ್ಯಾಡ ಅಂತ. ಆಮ್ಯಾಲ ಅಂವ ಪಾರ್ಟಿನೇ ಬಿಟ್ಟ.

ಅದೇ ವರ್ಷ ಈ ಕಡಿ ಡೆಮಾಕ್ರಾಟ್ ಜೋ ಲೀಬರ್‌ಮನ್, ಯುದ್ಧ ಸರಿ ಅಂತ ಹಠ ಹಿಡಿದಂವ, ಪಾರ್ಟಿ ಮಂದಿ ಅವಂಗ ಟಿಕೆಟ್ ಕೊಡಲಿಲ್ಲ, ಪಕ್ಷೇತರ ನಿಂತು ಗೆದ್ದು ಬಂದ. ಬ್ಯಾಡ ಅಂದಂವ ಮನಿಗಿ, ಬೇಕು ಅಂದಂವ ಸೆನೆಟ್‌ಗೆ. ಇದ್ರಾಗ ನ್ಯಾಯ ಎಲ್ಲದ ಅಂತ ನಂಗ ಕೇಳಬ್ಯಾಡ್ರಿ. ಯುದ್ಧ ಬೇಕೋ ಬ್ಯಾಡೋ ಅನ್ನೋದಕ್ಕ ಓಟು ಬೀಳೋದೇ ಕಡಿಮಿ, ಗುರುತಿಗೆ ಬೀಳ್ತಾವ, ಅಲ್ಲೂ ಅಷ್ಟೇ ನಿಮ್ಮನ್ಯಾಗೂ ಅಷ್ಟೇ. ಒಬಾಮಾಗೊಂದು ಅದೃಷ್ಟ ಇತ್ತು, 2002ದಾಗ ಅಂವ ಇಲಿನಾಯ್ ರಾಜ್ಯದ ಶಾಸನಸಭೆಯ ಸೆನೆಟರ್, ವಾಷಿಂಗ್ಟನ್‌ದಾಗ ಓಟು ಹಾಕೋ ಪ್ರಸಂಗನೇ ಬರಲಿಲ್ಲ, ಶಿಕಾಗೋದಾಗ ನಿಂತು ಇದು ದಡ್ಡ ಯುದ್ಧ ಅಂದಿದ್ದ. 2008ದಾಗ ಪಾರ್ಟಿ ಟಿಕೆಟ್‌ಗೆ ಅವನ ಎದುರು ನಿಂತ ಹಿಲರಿ ಕ್ಲಿಂಟನ್ ತನ್ನ 2002ರ ಹಳೇ ಹೂಂಗ ಕಾರಣ ಹೇಳಿ ಹೇಳಿ ಸುಸ್ತಾದ್ಲು.

ಪ್ರಶ್ನೆ: ಆ ಯುದ್ಧದಾಗ ನಮ್ಮ ದೇಶ ಏನ್ ಮಾಡ್ತು? ನಮ್ಮ ಕಾಕಾ ಆಗ ಗಲ್ಫ್‌ದಾಗ ಇದ್ರು.
- ಒಬ್ಬ ಓದುಗ, ಬೀದರ್

2003ರ ಏಪ್ರಿಲ್ 8ಕ್ಕ ಲೋಕಸಭಾ ಇರಾಕ್ ಮ್ಯಾಲಿನ ದಾಳಿ ವಿರುದ್ಧ ಒಂದ್ ನಿರ್ಣಯ ಮಾಡ್ತು, ಹಿಂದ್ಯಾಗ 'ನಿಂದಾ' ಅಂತ ಬಿರುಸು ಶಬ್ದ, ಇಂಗ್ಲಿಷಿನ್ಯಾಗ ಸ್ವಲ್ಪ ಮೆತ್ತಗಿನ ಶಬ್ದ, ಒಂದೇ ಕಲ್ಲಿಗಿ ಎರಡು ಹಕ್ಕಿ. ಅಮೆರಿಕಾ ಇರಾಕ್‌ಗೆ ಸೈನ್ಯ ಕಳಸ್ರಿ ಅಂತ ಕೇಳಿತ್ತು, ವಾಜಪೇಯಿ ಸರ್ಕಾರ ಜುಲೈ 14ಕ್ಕ ಆಗಂಗಿಲ್ಲ ಅಂತು. ವಾಜಪೇಯಿ ಬಗ್ಗೆ ನಿಮ್ದು ಏನರ ಇರಲಿ, ಆ ಊಹೂಂ ನಂಗ ಭಾಳ ಸೇರ್ತದ.

ನಾ ಆ ಮಾರ್ಚ್‌ದಾಗ ಒಂದ್ ಮದವಿಗಿ ಬೀದರ್‌ಕ್ಕ ಬಂದಿದ್ದೆ. ಚೌಬಾರಾ ಹತ್ರ ಒಂದ್ ಎಸ್‌ಟಿಡಿ ಬೂತಿನ ಮುಂದ ಪಾಳಿ ಹಚ್ಚಿದ್ರು, ಕುವೈತ್ ಮ್ಯಾಲೂ ಇರಾಕಿನ ಮಿಸೈಲ್ ಬೀಳ್ತಿದ್ದ ದಿನ. ನನ್ನ ಮುಂದ ಒಬ್ಬ ಮುದುಕಿ, ಮಗ ಅಲ್ಲಿ ಡ್ರೈವರ್. ಮೀಟರಿನ ಕೆಂಪು ಅಂಕಿ ಓಡ್ತಿದ್ರ ಆಕಿ ಕಣ್ಣು ಅದ್ರ ಮ್ಯಾಲೇ, ಉಂಡಿಯೇನಪ್ಪಾ, ಹೊರಗ ಹೋಗಬ್ಯಾಡ, ಇಡ್ತೀನಿ ಇಡ್ತೀನಿ ಅಂತ ನಾಕೇ ಮಾತು. ಯುದ್ಧ ಅನ್ನೋ ಶಬ್ದನೇ ಬಾಯಾಗ ಬರಲಿಲ್ಲ. ಬೂತಿನಂವ ಚಿಲ್ಲರ ಇಲ್ಲ ಅಂತ ಎರಡು ಚಾಕ್ಲೇಟ್ ಕೊಟ್ಟ, ಒಂದ್ ನನ್ನ ಕೈಯಾಗ ಇಟ್ಟು ಹೋದ್ಲು.