ಕ್ಯೂಟಿ ಬಳಸಿದರೆ ಒಂದೇ ಕೋಡ್ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಿಜವಾಗಿ ಓಡುತ್ತದಾ?

ಪೈಥಾನ್ ಚೆನ್ನಾಗಿ ಬರುತ್ತದೆ, ಸಿ ಪ್ಲಸ್ ಪ್ಲಸ್ ಅಷ್ಟಕ್ಕಷ್ಟೇ, ಚಿಕ್ಕದೊಂದು ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಮೂರೂ ಕಡೆ ಓಡಬೇಕು, ಕ್ಯೂಟಿ (ವಿಂಡೋ, ಬಟನ್ ಇರುವ ಸಾಫ್ಟ್‌ವೇರ್ ಕಟ್ಟಲು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿಟ್ಟ ಸಿದ್ಧ ಕೋಡ್ ಸಂಗ್ರಹ) ಹಿಡಿಯಲಾ ಎಂದು ಕೇಳಿದ್ದೀರಿ. ಹಿಡಿಯಿರಿ. ಆದರೆ ಒಂದು ಮಾತು: ಬರೆಯುವುದು ಒಂದೇ ಸಲ, ಜನರ ಕೈಗೆ ಕೊಡುವುದು ಮೂರು ಸಲ. ನಾನು ಹೆಚ್ಚು ಪೆಟ್ಟು ತಿಂದದ್ದು ಈ ಎರಡನೆಯದರಲ್ಲೇ.

ನಾನು ಮಾಡಿದ್ದು ಅಳತೆಯ ಉಪಕರಣವೊಂದರಿಂದ ಸೀರಿಯಲ್ ಪೋರ್ಟ್ ಮೂಲಕ ಅಂಕಿ ಓದಿ ಗ್ರಾಫ್ ಬಿಡಿಸುವ ಸಾಫ್ಟ್‌ವೇರ್. ಬಳಸಿದ್ದು ಪೈಸೈಡ್. ಇದು ಕ್ಯೂಟಿಯವರದೇ ಅಧಿಕೃತ ಪೈಥಾನ್ ರೂಪ, ಎಲ್‌ಜಿಪಿಎಲ್ ಲೈಸೆನ್ಸ್‌ನಲ್ಲಿ ಸಿಗುತ್ತದೆ, ಅಂದರೆ ಷರತ್ತು ಪಾಲಿಸಿದರೆ ನಿಮ್ಮ ಕೋಡ್ ಮುಚ್ಚಿಟ್ಟೂ ಬಳಸಬಹುದು. ಪೈಕ್ಯೂಟಿ ಎಂಬ ಇನ್ನೊಂದಿದೆ, ನೋಡಲು ಹೆಚ್ಚುಕಡಿಮೆ ಹಾಗೇ. ಅದು ಮಾತ್ರ ಜಿಪಿಎಲ್, ಅಂದರೆ ಹಂಚುವಾಗ ನಿಮ್ಮ ಕೋಡನ್ನೂ ತೆರೆದು ಕೊಡಬೇಕು, ಇಲ್ಲವಾದರೆ ದುಡ್ಡು ಕೊಡಬೇಕು. ಕೋಡ್ ಮುಚ್ಚಿಟ್ಟು ಮಾರುವ ಯೋಚನೆ ಇದ್ದರೆ ಈ ವ್ಯತ್ಯಾಸ ಮೊದಲೇ ತಿಳಿದಿರಲಿ. ಕ್ಯೂಟಿಯ ಒಳಗೂ ಎಲ್ಲವೂ ಎಲ್‌ಜಿಪಿಎಲ್ ಅಲ್ಲ. ಗ್ರಾಫ್ ಬಿಡಿಸುವ ಕ್ಯೂಟಿ ಚಾರ್ಟ್ಸ್ ಜಿಪಿಎಲ್‌ನಲ್ಲಿದೆ ಎಂದು ನನಗೆ ಗೊತ್ತಾಗಿದ್ದು ಅರ್ಧ ಕೆಲಸ ಮುಗಿದ ಮೇಲೆ. ಪೈಕ್ಯೂಟಿಗ್ರಾಫ್‌ಗೆ ಬದಲಾಯಿಸಿಕೊಂಡೆ. ಅದು ಎಂಐಟಿ ಲೈಸೆನ್ಸ್, ತಲೆನೋವಿಲ್ಲ.

ಕ್ಯೂಟಿಯಲ್ಲಿ ನನಗೆ ನಿಜಕ್ಕೂ ಇಷ್ಟವಾದದ್ದು ಸಿಗ್ನಲ್ ಮತ್ತು ಸ್ಲಾಟ್. ಪೋರ್ಟ್ ಓದುವ ಕೆಲಸ ಒಂದು ಥ್ರೆಡ್‌ನಲ್ಲಿ (ಪ್ರೋಗ್ರಾಂ ಒಳಗೆ ಪಕ್ಕದಲ್ಲೇ ಓಡುವ ಇನ್ನೊಂದು ಕೆಲಸದ ಸಾಲು) ನಡೆಯುತ್ತಿರುತ್ತದೆ. ಹೊಸ ಅಂಕಿ ಬಂದಾಗ ಅದು ಸಿಗ್ನಲ್ ಕೊಟ್ಟು ಸುಮ್ಮನಾಗುತ್ತದೆ. ಯಾರು ಕೇಳಿಸಿಕೊಂಡರು ಅನ್ನುವುದು ಅದಕ್ಕೆ ಬೇಕಿಲ್ಲ. ವಿಂಡೋ ಕಡೆಯ ಸ್ಲಾಟ್ ತನ್ನ ಸರದಿ ಬಂದಾಗ ಅದನ್ನು ತೆಗೆದುಕೊಂಡು ಗ್ರಾಫ್ ಬದಲಿಸುತ್ತದೆ. ಮೊದಮೊದಲು ನಾನು ಇದನ್ನು ಬಿಟ್ಟು ಆ ಥ್ರೆಡ್‌ನಿಂದಲೇ ನೇರವಾಗಿ ಲೇಬಲ್‌ನ ಅಕ್ಷರ ಬದಲಿಸುತ್ತಿದ್ದೆ. ನನ್ನ ಕಂಪ್ಯೂಟರಲ್ಲಿ ವಾರಗಟ್ಟಲೆ ಚೆನ್ನಾಗಿಯೇ ಓಡಿತು. ಬೇರೆಯವರ ಕಂಪ್ಯೂಟರಲ್ಲಿ ಯಾವಾಗ ಬೀಳುತ್ತದೆ ಅಂತಲೇ ಗೊತ್ತಿಲ್ಲದೆ ಬೀಳುತ್ತಿತ್ತು. ಪರದೆಯ ಮೇಲಿರುವ ಯಾವುದನ್ನೂ ಮುಖ್ಯ ಥ್ರೆಡ್ ಬಿಟ್ಟು ಬೇರೆ ಕಡೆಯಿಂದ ಮುಟ್ಟಬೇಡಿ.

ಇನ್ನು ಕೊಡುವ ಕಥೆ. ಮೊದಲ ಸಲ ವಿಂಡೋಸ್‌ಗೆ ಸಿ ಪ್ಲಸ್ ಪ್ಲಸ್‌ನಲ್ಲಿ ಮಾಡಿದ ಒಂದು ಪುಟ್ಟ ಪ್ರೋಗ್ರಾಂ ಕಳಿಸಿದೆ. ಅದು ಓಡಲು ಬೇಕಾದ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ) ಫೈಲ್‌ಗಳನ್ನು ಕೈಯಾರೆ ಹುಡುಕಿ ಪಕ್ಕದಲ್ಲಿಟ್ಟಿದ್ದೆ. ಆ ಕಡೆ ತೆರೆದರೆ, ಪ್ಲಾಟ್‌ಫಾರ್ಮ್ ಪ್ಲಗಿನ್ ಶುರುವಾಗಲಿಲ್ಲ ಎಂಬ ಎರರ್. ಒಂದು ದಿನ ಪೂರ್ತಿ ಹೋಯಿತು. ಕೊನೆಗೆ ನೋಡಿದರೆ ಕ್ಯೂವಿಂಡೋಸ್ ಎಂಬ ಒಂದು ಡಿಎಲ್‌ಎಲ್, ಪ್ಲಾಟ್‌ಫಾರ್ಮ್ಸ್ ಎಂಬ ಫೋಲ್ಡರ್ ಒಳಗೆ ಇರಬೇಕಿತ್ತು, ನಾನು ಹೊರಗಿಟ್ಟಿದ್ದೆ, ಅಷ್ಟೇ! ಕ್ಯೂಟಿ ಜೊತೆಗೇ ಬರುವ ವಿನ್‌ಡಿಪ್ಲಾಯ್‌ಕ್ಯೂಟಿ ಇದನ್ನೆಲ್ಲ ತಾನೇ ಜೋಡಿಸಿ ಕೊಡುತ್ತದೆ. ಓದದೇ ಇದ್ದದ್ದು ನನ್ನ ತಪ್ಪು.

ಪೈಥಾನ್ ಆದರೆ, ಕೋಡನ್ನು ಪೈಥಾನ್ ಸಮೇತ ಪ್ಯಾಕ್ ಮಾಡುವ ಪೈಇನ್‌ಸ್ಟಾಲರ್ ಬಳಸಿ. ಆದರೆ ಲಿನಕ್ಸ್‌ನಲ್ಲಿ ಕೂತು ವಿಂಡೋಸ್‌ಗೆ ಪ್ಯಾಕ್ ಮಾಡಲು ಅದರಿಂದ ಆಗುವುದಿಲ್ಲ. ಯಾವ ಸಿಸ್ಟಂಗೆ ಬೇಕೋ ಅದರಲ್ಲೇ ಓಡಿಸಬೇಕು. ಮ್ಯಾಕ್‌ನಲ್ಲಿ ಡಿಜಿಟಲ್ ಸಹಿ ಮಾಡಿ, ಆಪಲ್ ಕಡೆಯಿಂದ ನೋಟರೈಸ್ (ಅವರಿಗೆ ಕಳಿಸಿ ಪರೀಕ್ಷೆ) ಮಾಡಿಸದಿದ್ದರೆ ಬಳಸುವವರಿಗೆ ಮೊದಲು ಕಾಣುವುದೇ ಎಚ್ಚರಿಕೆ. ಲಿನಕ್ಸ್‌ನಲ್ಲಿ ಜಿಲಿಬ್‌ಸಿ (ಬಹುತೇಕ ಪ್ರೋಗ್ರಾಂಗಳು ನೆಚ್ಚಿಕೊಂಡಿರುವ ಮೂಲ ಲೈಬ್ರರಿ) ಕಾಟ: ಹೊಸ ಆವೃತ್ತಿಯಲ್ಲಿ ಕಟ್ಟಿದ್ದು ಹಳೆಯದರಲ್ಲಿ ಓಡದಿರಬಹುದು. ನೀವು ಬೆಂಬಲಿಸಬೇಕೆಂದಿರುವ ಅತಿ ಹಳೆಯ ಆವೃತ್ತಿಯಲ್ಲೇ ಕಟ್ಟಿ.

ಸಣ್ಣಪುಟ್ಟದ್ದೂ ಇವೆ. ಐಕಾನ್ ಫೈಲ್ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ದೊಡ್ಡದು, ಕೋಡ್‌ನಲ್ಲಿ ಸಣ್ಣದು ಬರೆದಿದ್ದೆ. ವಿಂಡೋಸ್ ಮತ್ತು ಮ್ಯಾಕ್‌ನಲ್ಲಿ ಕಂಡಿತು, ಲಿನಕ್ಸ್‌ಗೆ ಅವೆರಡೂ ಬೇರೆ, ಅಲ್ಲಿ ಬಟನ್ ಬೋಳು. ಬಟನ್‌ಗಳನ್ನು ಪಿಕ್ಸೆಲ್ ಲೆಕ್ಕದಲ್ಲಿ ಕೂರಿಸಬೇಡಿ, ಲೇಔಟ್ ಬಳಸಿ. ಫಾಂಟ್ ಬದಲಾದರೆ ಅಕ್ಷರ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಫೈಲ್ ಎಲ್ಲಿ ಉಳಿಸಬೇಕು ಅನ್ನುವುದನ್ನು ಕ್ಯೂಟಿಯದೇ ಕ್ಯೂಸ್ಟ್ಯಾಂಡರ್ಡ್‌ಪಾತ್ಸ್‌ಗೆ ಕೇಳಿ, ನೀವೇ ಫೋಲ್ಡರ್ ದಾರಿ ಬರೆಯಬೇಡಿ.

ವೆಬ್ ಪುಟದ ತರಹವೇ ಡೆಸ್ಕ್‌ಟಾಪ್ ಆ್ಯಪ್ ಕಟ್ಟುವ ಎಲೆಕ್ಟ್ರಾನ್ ಬೇಡವಾ ಅಂದರೆ, ವೆಬ್ ಕೆಲಸ ಚೆನ್ನಾಗಿ ಬರುವವರಿಗೆ ಅದೇ ಸುಲಭ. ಪ್ರತಿ ಆ್ಯಪ್ ಜೊತೆ ಇಡೀ ಕ್ರೋಮಿಯಂ ಬ್ರೌಸರ್ ಹೊತ್ತುಕೊಂಡು ಹೋಗುತ್ತದೆ ಅನ್ನುವುದೇ ನನ್ನ ತಕರಾರು. ಹಾಗಂತ ಪೈಸೈಡ್ ಪ್ಯಾಕ್ ಕೂಡ ಏನು ಹಗುರ ಅಲ್ಲ ಬಿಡಿ.

ನೆಟ್‌ನಲ್ಲಿ ಉತ್ತರ ಹುಡುಕುವಾಗ ಅದರ ವಯಸ್ಸು ನೋಡಿ. ಕ್ಯೂಟಿ ಹೊರಗೆ ಬಂದಿದ್ದು 1995ರಲ್ಲಿ, ಐದನೇ ಆವೃತ್ತಿ 2012ರಲ್ಲಿ, ಆರನೆಯದು 2020ರಲ್ಲಿ. ಹಳೆಯ ಉತ್ತರಗಳಲ್ಲಿ ಸಿಗ್ನಲ್ ಹೆಸರನ್ನು ಸ್ಟ್ರಿಂಗ್ ತರಹ ಕೊಡುವ ರೀತಿ ಜಾಸ್ತಿ. ಅದರಲ್ಲಿ ಒಂದಕ್ಷರ ತಪ್ಪಿದರೂ ಓಡಿಸುವ ತನಕ ಗೊತ್ತಾಗುವುದಿಲ್ಲ.

ಮೊದಲ ದಿನ ಒಂದು ಖಾಲಿ ವಿಂಡೋ ಮಾಡಿ. ಅದನ್ನೇ ಪ್ಯಾಕ್ ಮಾಡಿ, ಪೈಥಾನ್ ಇಲ್ಲದ ಮೂರು ಕಂಪ್ಯೂಟರ್‌ಗಳಲ್ಲಿ ತೆರೆದು ನೋಡಿ. ಮೂರೂ ಕಡೆ ತೆರೆದುಕೊಂಡ ಮೇಲೆ ಒಳಗೆ ಬಟನ್ ಹಾಕುವುದು ಶುರು ಮಾಡಿ.