ಕಡಲೊಳಗೆ ಕ್ಯಾಮೆರಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸ್ಕೂಬಾ ಡೈವಿಂಗ್ ಕಲಿತು ಒಂದು ವರ್ಷವಾಯಿತು. ಹವಳದ ದಿಬ್ಬದ ಮೇಲೆ ಕಣ್ಣಾರೆ ಕಂಡ ಬಣ್ಣಗಳು ನನ್ನ ಚಿತ್ರಗಳಲ್ಲಿ ಮೂಡುವುದೇ ಇಲ್ಲ. ಎಲ್ಲವೂ ನೀಲಿ ಹಸಿರು. ಕಂಪ್ಯೂಟರಿನಲ್ಲಿ ತಿದ್ದಲು ಹೋದರೆ ಚಿತ್ರ ಕಾಳುಕಾಳಾಗಿ ಕೆಡುತ್ತದೆ. ಇನ್ನೂ ಬೆಲೆಬಾಳುವ ಕ್ಯಾಮೆರಾ ಕೊಂಡರೆ ಸರಿಹೋದೀತೆ?

ಉತ್ತರ: ಸರಿಹೋಗದು. ತಪ್ಪು ಕ್ಯಾಮೆರಾದ್ದಲ್ಲ, ಮೀನಿಗೂ ಲೆನ್ಸಿಗೂ ನಡುವೆ ಇರುವ ನೀರಿನದು. ನೀರು ಬೆಳಕಿನ ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ಹೀರುವುದಿಲ್ಲ. ಕೆಂಪನ್ನು ಮೊದಲು ನುಂಗುತ್ತದೆ, ಆಮೇಲೆ ಕಿತ್ತಳೆ, ಅದರ ಬೆನ್ನಿಗೇ ಹಳದಿ. ತಿಳಿನೀರಿನಲ್ಲೂ ಐದಾರು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮಾಯವಾಗಿರುತ್ತದೆ; 20 ಮೀಟರ್ ಆಳದಲ್ಲಿ ಬೆರಳು ತರಚಿಕೊಂಡರೆ ಒಸರುವ ರಕ್ತವೂ ಹಸಿರುಗಪ್ಪಾಗಿ ಕಾಣುತ್ತದೆ. ನಮ್ಮ ಮಿದುಳು ಈ ಕೊರತೆಯನ್ನು ತಾನೇ ಅಷ್ಟಿಷ್ಟು ತುಂಬಿಕೊಂಡು ನೋಡುವುದರಿಂದ, ಕೆಳಗಿರುವಾಗ ಕಾಣದ ನಷ್ಟ ಮೇಲೆ ಬಂದು ಚಿತ್ರ ನೋಡಿದಾಗ ಕಣ್ಣಿಗೆ ಹೊಡೆಯುತ್ತದೆ. ದಾಖಲಾಗದ ಕೆಂಪನ್ನು ಕಂಪ್ಯೂಟರ್ ಎಲ್ಲಿಂದ ತಂದೀತು? ಅದು ಅಳಿದುಳಿದ ಚೂರನ್ನೇ ಎಳೆದು ಹಿಗ್ಗಿಸುತ್ತದೆ; ನೀವು ಹೇಳಿದ ಕಾಳುಗಳು ಹುಟ್ಟುವುದು ಅಲ್ಲಿಯೇ.

ಆಳವೊಂದೇ ಲೆಕ್ಕವಲ್ಲ ಎಂಬುದನ್ನು ಹಲವರು ಮರೆಯುತ್ತಾರೆ. ಬಿಸಿಲು ಮೇಲಿನಿಂದ ಮೀನಿನವರೆಗೆ ಇಳಿದ ದೂರಕ್ಕೆ, ಮೀನಿನಿಂದ ನಿಮ್ಮ ಲೆನ್ಸಿನವರೆಗೆ ಬಂದ ದೂರವನ್ನೂ ಕೂಡಿಸಬೇಕು. 5 ಮೀಟರ್ ಆಳದಲ್ಲಿ, 3 ಮೀಟರ್ ದೂರದಲ್ಲಿರುವ ಮೀನನ್ನು ತೆಗೆದರೆ ಬೆಳಕು ಒಟ್ಟು 8 ಮೀಟರ್ ನೀರನ್ನು ದಾಟಿ ಬಂದಂತಾಯಿತು. ಫ್ಲ್ಯಾಶ್ ಹಾಕಿದರೂ ಇದೇ ಕತೆ: ಅದರ ಬೆಳಕು ಮೀನಿನವರೆಗೆ ಹೋಗಲೂಬೇಕು, ಮರಳಿ ಬಂದು ಲೆನ್ಸನ್ನು ಮುಟ್ಟಲೂಬೇಕು, ಆದ್ದರಿಂದ ಎರಡು ಮೀಟರಿನ ದೂರ ನಾಲ್ಕಾಗುತ್ತದೆ. ಹೀಗಾಗಿ ನನ್ನ ಸಲಹೆ ಒಂದೇ: ಹತ್ತಿರ ಹೋಗಿ, ಸಾಕಷ್ಟು ಹತ್ತಿರವಾಯಿತು ಎನ್ನಿಸಿದ ಮೇಲೆ, ಮೀನು ಒಪ್ಪುವುದಾದರೆ, ಇನ್ನೂ ಅಷ್ಟು ಹತ್ತಿರ ಹೋಗಿ. ಫ್ಲ್ಯಾಶಿನ ಚಿತ್ರಕ್ಕೆ ಒಂದು ಮೀಟರ್ ದಾಟಬಾರದು. ನೀರಿನ ವಕ್ರೀಭವನದಿಂದಾಗಿ ಮಾಸ್ಕಿನ ಗಾಜಿನ ಮೂಲಕ ವಸ್ತುಗಳು ಇರುವ ದೂರದ ಮುಕ್ಕಾಲು ದೂರದಲ್ಲೇ ಇದ್ದಂತೆ ಕಾಣುವುದರಿಂದ, ಕಣ್ಣಿನ ಅಂದಾಜನ್ನು ಇಲ್ಲಿ ಪೂರ್ತಿ ನಂಬಲಾಗದು. ದೂರದಿಂದ ಎಳೆದು ತೋರಿಸುವ ಜೂಮ್ ಲೆನ್ಸಿಗಿಂತ, ಹತ್ತಿರದಿಂದಲೇ ಇಡೀ ಆಮೆಯನ್ನು ಒಳಗೊಳ್ಳುವ ವೈಡ್ ಆ್ಯಂಗಲ್ ಲೆನ್ಸಿಗೆ ನೀರಿನೊಳಗೆ ಬೆಲೆ ಬಂದಿರುವುದೂ ಇದೇ ಕಾರಣಕ್ಕೆ. ಕ್ಯಾಮೆರಾಕ್ಕೆ ನೀರು ತಾಗದಂತೆ ಕಾಯುವ ಪೆಟ್ಟಿಗೆಯ, ಅಂದರೆ ಹೌಸಿಂಗಿನ, ಮುಂಭಾಗದ ಗಾಜು ಚಪ್ಪಟೆಯಾಗಿದ್ದರೆ ಲೆನ್ಸಿನ ನೋಟ ಕಿರಿದಾಗುತ್ತದೆ. ಗುಮ್ಮಟದಂಥ ಡೋಮ್ ಪೋರ್ಟ್ ಆ ಅಗಲವನ್ನು ಉಳಿಸಿಕೊಡುತ್ತದೆ.

ಕೆಂಪು ಫಿಲ್ಟರಿನ ಬಗ್ಗೆಯೂ ಕೇಳುವವರಿದ್ದಾರೆ. ಫಿಲ್ಟರ್ ಕೆಂಪನ್ನು ಸೇರಿಸುವುದಿಲ್ಲ, ನೀಲಿ ಹಸಿರುಗಳನ್ನು ತಡೆದು ಸಮಮಾಡುತ್ತದೆ ಅಷ್ಟೇ. ಕಡಿಮೆ ಆಳದಲ್ಲಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ತೆಗೆಯುವಾಗ ಅದು ಉಪಯುಕ್ತ. ಫ್ಲ್ಯಾಶ್ ಬಳಸುವಾಗ ಕಳಚಿಡಿ. ಚಿತ್ರಗಳನ್ನು ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಕೊಡುವ 'ರಾ' ಕಡತವಾಗಿ ಉಳಿಸಿಕೊಂಡರೆ ಆಮೇಲೆ ತಿದ್ದಲು ಹೆಚ್ಚು ಅವಕಾಶವಿರುತ್ತದೆ.

ಈ ಬೆಳಕಿನ ಬಡತನ ಹಳೆಯದು. 1893ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾನ್ ಬಾನ್ಯುಲ್ಸ್ ಕಡಲತೀರದಲ್ಲಿ ನೀರಿಗಿಳಿದು ಚಿತ್ರ ತೆಗೆದಾಗ, ಒಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಬೆಳಕು ಕೂಡಿಸಬೇಕಾಗುತ್ತಿತ್ತು. 1926ರಲ್ಲಿ ಅಮೆರಿಕದ ವಿಲಿಯಂ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ಫ್ಲಾರಿಡಾದಲ್ಲಿ ಮೀನೊಂದರ ಬಣ್ಣದ ಚಿತ್ರ ತೆಗೆಯಲು, ನೀರಿನ ಮೇಲೆ ತೇಲುವ ತೆಪ್ಪದಲ್ಲಿ ಮೆಗ್ನೀಸಿಯಂ ಪುಡಿಯನ್ನು ಸಿಡಿಸಿ ಬೆಳಕು ಹುಟ್ಟಿಸಿದರು. ಅಂಗೈಯಲ್ಲಿ ಹಿಡಿಸುವ ಫ್ಲ್ಯಾಶಿಗೆ ಬ್ಯಾಟರಿ ಬೇಗ ಮುಗಿಯುತ್ತದೆ ಎಂದು ಗೊಣಗುವಾಗ ನನಗೆ ಆ ತೆಪ್ಪ ನೆನಪಾಗುತ್ತದೆ.

ಪ್ರಶ್ನೆ: ನಿಮ್ಮಂಥವರ ಮಾತು ಕೇಳಿ ಫ್ಲ್ಯಾಶ್ ಹಾಕಿದೆ. ಈಗ ಚಿತ್ರದ ತುಂಬ ಹಿಮ ಸುರಿದಂತೆ ಬಿಳಿ ಚುಕ್ಕೆಗಳು!

ಉತ್ತರ: ಮಂಜು ಕವಿದ ರಸ್ತೆಯಲ್ಲಿ ವಾಹನದ ದೀಪವನ್ನು ಜೋರು ಮಾಡಿದರೆ ಎದುರಿಗೆ ಬೆಳ್ಳನೆಯ ಗೋಡೆಯೊಂದು ಎದ್ದು ನಿಲ್ಲುತ್ತದಲ್ಲವೇ, ಇದೂ ಅದೇ. ನೀರಿನಲ್ಲಿ ಮರಳಿನ ಧೂಳು, ತೇಲುಜೀವಿಗಳು, ಕೊಳೆತ ಪಾಚಿಯ ತುಣುಕುಗಳು ಸದಾ ಇರುತ್ತವೆ. ಲೆನ್ಸಿನ ಪಕ್ಕದಲ್ಲೇ ಹೊತ್ತುವ ಫ್ಲ್ಯಾಶಿನ ಬೆಳಕು ಅವುಗಳಿಗೆ ಬಡಿದು ನೇರವಾಗಿ ಲೆನ್ಸಿಗೇ ಮರಳುತ್ತದೆ. ಕ್ಯಾಮೆರಾಕ್ಕೆ ಅಂಟಿಕೊಂಡ ಫ್ಲ್ಯಾಶನ್ನು ಬಿಟ್ಟು, ಹೌಸಿಂಗಿಗೆ ಜೋಡಿಸಿದ ತೋಳಿನ ತುದಿಯಲ್ಲಿ ಕೂರುವ ಪ್ರತ್ಯೇಕ ಫ್ಲ್ಯಾಶ್, ಅಂದರೆ ಸ್ಟ್ರೋಬ್ ಬಳಸಿ, ತೋಳನ್ನು ಪಕ್ಕಕ್ಕೆ ಚಾಚಿ, ಸ್ಟ್ರೋಬಿನ ಮುಖವನ್ನು ತುಸು ಹೊರಕ್ಕೆ ತಿರುಗಿಸಿ. ಬೆಳಕಿನ ಕೋನದ ಅಂಚು ಮಾತ್ರ ಮೀನನ್ನು ಸವರಬೇಕು, ಲೆನ್ಸಿನ ಮುಂದಿನ ನೀರು ಕತ್ತಲಲ್ಲೇ ಉಳಿಯಬೇಕು. ಬೆಳಕನ್ನು ಮೀನಿನ ಕಡೆಗಲ್ಲದೆ ಬೇರೆ ಕಡೆಗೆ ತಿರುಗಿಸುವುದು ಮೊದಮೊದಲು ವಿಚಿತ್ರವೆನ್ನಿಸುತ್ತದೆ. ಒಂದು ಮೀನಿಗೆ ನಾಲ್ಕು ಕೋನಗಳಲ್ಲಿ ತೆಗೆದು ಹೋಲಿಸಿ ನೋಡಿದರೆ ಒಂದೇ ಡೈವಿನಲ್ಲಿ ಗೊತ್ತಾಗುತ್ತದೆ. ಜೊತೆಗೆ ಒಮ್ಮೆ ಹಿಂದಿರುಗಿ ನೋಡಿ: ಆ ಹಿಮದ ಅರ್ಧ ಪಾಲನ್ನು ಎಬ್ಬಿಸಿದ್ದು ನಿಮ್ಮ ಕಾಲಿನ ಫಿನ್‌ಗಳೇ ಆಗಿರಬಹುದು.

ಪ್ರಶ್ನೆ: ಡೈವಿಂಗ್ ತರಬೇತಿ ಮೊನ್ನೆಯಷ್ಟೇ ಮುಗಿಯಿತು. ಮುಂದಿನ ಡೈವಿಗೇ ಕ್ಯಾಮೆರಾ ಒಯ್ಯಬಹುದೇ?

ಉತ್ತರ: ಒಯ್ಯಬೇಡಿ ಎಂದೇ ಹೇಳುತ್ತೇನೆ, ನಿಮಗೆ ಬೇಸರವಾದರೂ ಸರಿ. ಮೇಲೂ ಹೋಗದೆ ಕೆಳಗೂ ಜಾರದೆ, ಕೈ ಬೀಸದೆ, ಉಸಿರಿನ ಏರಿಳಿತವೊಂದರಿಂದಲೇ ಒಂದೇ ಮಟ್ಟದಲ್ಲಿ ನಿಲ್ಲುವುದು ನಿಮಗೆ ಯೋಚಿಸದೆಯೇ ಬರುವವರೆಗೆ ಕ್ಯಾಮೆರಾ ದಡದಲ್ಲಿರಲಿ. ಕ್ಯಾಮೆರಾ ಕೈಗೆ ಬಂದೊಡನೆ ಮನಸ್ಸು ಪೂರ್ತಿ ಅದರ ಪರದೆಗೆ ಅಂಟಿಕೊಳ್ಳುತ್ತದೆ. ಗಾಳಿ ಎಷ್ಟು ಉಳಿದಿದೆ, ಎಷ್ಟು ಆಳದಲ್ಲಿದ್ದೇನೆ, ಜೊತೆಗಾರ ಎಲ್ಲಿದ್ದಾನೆ ಎಂಬ ಮೂರೂ ಮರೆಯುತ್ತವೆ. ಅನುಭವಿಗಳೂ ಮಾಡುವ ಇನ್ನೊಂದು ತಪ್ಪನ್ನು ಈಗಲೇ ಹೇಳಿಬಿಡುತ್ತೇನೆ. ಕೈ ಅಲುಗಬಾರದೆಂದು ನೆಲದ ಮೇಲೆ ಉಸಿರು ಬಿಗಿಹಿಡಿದು ಚಿತ್ರ ತೆಗೆಯುವ ಅಭ್ಯಾಸವನ್ನು ಸ್ಕೂಬಾದಲ್ಲಿ ಮುಂದುವರಿಸಬಾರದು. ಶ್ವಾಸಕೋಶ ತುಂಬಿದ್ದಾಗ ದೇಹ ತಾನಾಗಿಯೇ ಮೇಲೇರುತ್ತದೆ, ಏರಿದಂತೆ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ. ಒಂದೆರಡು ಮೀಟರಿನ ಏರಿಕೆಯೂ ಶ್ವಾಸಕೋಶಕ್ಕೆ ಗಾಯಮಾಡಬಲ್ಲದು. ನಿಧಾನವಾಗಿ ಉಸಿರು ಬಿಡುತ್ತಾ ಬಟನ್ ಒತ್ತುವುದನ್ನು ರೂಢಿಸಿಕೊಳ್ಳಿ.

ಪ್ರಶ್ನೆ: ಹೌಸಿಂಗಿನ ಗಾಜಿನ ಒಳಗೆ ಮಂಜು ಕಟ್ಟಿತು, ಇನ್ನೊಮ್ಮೆ ತಳದಲ್ಲಿ ಹನಿ ನೀರು ಕಂಡಿತು. ಎರಡೂ ಒಂದೇ ದೋಷವೇ?

ಉತ್ತರ: ಎರಡೂ ಬೇರೆ. ಮಂಜು ಹೊರಗಿನಿಂದ ಬಂದದ್ದಲ್ಲ. ಹೌಸಿಂಗ್ ಮುಚ್ಚುವಾಗ ಒಳಗೆ ಸಿಕ್ಕಿಕೊಂಡ ತೇವದ ಗಾಳಿ, ಕ್ಯಾಮೆರಾದ ಬಿಸಿಗೆ ಕಾದು, ಸಮುದ್ರದ ತಂಪಿಗೆ ತಣಿದ ಗಾಜಿನ ಮೇಲೆ ಹನಿಗಟ್ಟುತ್ತದೆ. ಒಣಗಿದ, ತಂಪಾದ ಕೋಣೆಯಲ್ಲಿ ಮುಚ್ಚಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣವಿಟ್ಟರೆ ಸಾಕು.

ತಳದ ಹನಿಗೆ ಮಾತ್ರ ಹೆದರಲೇಬೇಕು. ಹೌಸಿಂಗಿನ ಎರಡು ಭಾಗಗಳ ನಡುವೆ ಕೂತಿರುವ ಓ-ರಿಂಗ್ ಎಂಬ ರಬ್ಬರ್ ಬಳೆಯೇ ಅಲ್ಲಿಯ ಕಾವಲುಗಾರ. ನನ್ನ ಮೊದಲ ಹೌಸಿಂಗನ್ನು ಮುಳುಗಿಸಿದ್ದು ಅದರ ಮೇಲೆ ಅಡ್ಡಬಿದ್ದಿದ್ದ ಒಂದೇ ಒಂದು ತಲೆಗೂದಲು. ಅಂದಿನಿಂದ ಪ್ರತಿ ಸಲವೂ ಓ-ರಿಂಗನ್ನು ಪಿನ್ನಿನಿಂದ ಕೆದಕದೆ, ಬೆರಳುಗಳಿಂದ ಚಿವುಟಿ ಹೊರತೆಗೆದು, ದೀಪದ ಕೆಳಗೆ ಹಿಡಿದು, ಎರಡು ಬೆರಳ ತುದಿಗಳ ನಡುವೆ ಮೆಲ್ಲಗೆ ಜಾರಿಸುತ್ತಾ ಹೋಗುತ್ತೇನೆ; ಕಣ್ಣು ತಪ್ಪಿಸಿಕೊಂಡ ಮರಳಿನ ಕಣ ಬೆರಳಿಗೆ ಸಿಗುತ್ತದೆ. ಬಳೆ ಕೂರುವ ಕಾಲುವೆಯನ್ನೂ ಎಳೆ ಬಿಡದ ಬಟ್ಟೆಯಿಂದ ಒರೆಸಬೇಕು. ಗ್ರೀಸ್ ಇರುವುದು ನೀರು ತಡೆಯಲಿಕ್ಕಲ್ಲ, ಬಳೆ ಒಣಗದೆ ನುಣ್ಣಗೆ ಜಾರಿ ಕೂರಲಿಕ್ಕೆ; ಆದ್ದರಿಂದ ಹೊಳಪು ಬರುವಷ್ಟು ಸಾಕು, ಅದಕ್ಕಿಂತ ಹೆಚ್ಚಾದರೆ ಕಸವನ್ನು ಕರೆಯುತ್ತದೆ. ತಯಾರಕರು ಹೇಳಿದ ಗ್ರೀಸನ್ನೇ ಬಳಸಿ, ಏಕೆಂದರೆ ಕೆಲವು ಬಗೆಯ ರಬ್ಬರ್ ತಪ್ಪು ಗ್ರೀಸಿಗೆ ಉಬ್ಬಿಕೊಳ್ಳುತ್ತದೆ. ಆಳಕ್ಕೆ ಹೋದಂತೆ ನೀರಿನ ಒತ್ತಡವೇ ಬಳೆಯನ್ನು ಬಿಗಿಯಾಗಿ ಒತ್ತಿ ಹಿಡಿಯುವುದರಿಂದ, ಸೋರುವ ಹೌಸಿಂಗ್ ಹಲವು ಸಲ ಮೊದಲ ಒಂದೆರಡು ಮೀಟರಿನಲ್ಲೇ ಗುಟ್ಟು ಬಿಡುತ್ತದೆ. ಇಳಿದೊಡನೆ ಅಲ್ಲೇ ನಿಂತು, ಗುಳ್ಳೆಗಳ ಸಾಲು ಏಳುತ್ತಿದೆಯೇ ಎಂದು ನೋಡಿಕೊಳ್ಳಿ. ಹೊಸ ಹೌಸಿಂಗನ್ನಾದರೆ ಮೊದಲ ಸಲ ಕ್ಯಾಮೆರಾ ಇಲ್ಲದೆ ಖಾಲಿಯಾಗಿಯೇ ಇಳಿಸಿ. ಡೈವ್ ಮುಗಿದ ಮೇಲೆ ಉಪ್ಪು ಒಣಗಲು ಬಿಡದೆ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ನೀರಿನೊಳಗೇ ಪ್ರತಿಯೊಂದು ಬಟನ್ನನ್ನೂ ಒತ್ತಿ ಒತ್ತಿ ಬಿಡಿ. ಒಂದು ವೇಳೆ ಕೆಳಗೆ ನೀರು ನುಗ್ಗಿಯೇ ಬಿಟ್ಟರೆ, ಕ್ಯಾಮೆರಾ ಉಳಿಸುವ ಆತುರದಲ್ಲಿ ದಡಬಡನೆ ಮೇಲೇರಬೇಡಿ.

ಪ್ರಶ್ನೆ: ಜೊತೆಗಾರ್ತಿಯ ಚಿತ್ರ ತೆಗೆದರೆ ಕಪ್ಪು ಬೊಂಬೆಯೊಂದು ಗುಳ್ಳೆ ಉಗುಳುತ್ತಿರುವಂತೆ ಕಾಣುತ್ತದೆ. ಇದಕ್ಕೇನು ಮಾಡಲಿ?

ಉತ್ತರ: ಮಾಸ್ಕಿನೊಳಗಿನ ಕಣ್ಣು ಕಾಣದ ಡೈವರ್ ಚಿತ್ರದಲ್ಲಿ ಬರಿಯ ಸಲಕರಣೆಯಾಗಿ ಉಳಿಯುತ್ತಾರೆ. ಅಂಚು ಪಾರದರ್ಶಕವಾಗಿರುವ ಮಾಸ್ಕ್ ಒಳಕ್ಕೆ ಬೆಳಕು ಬಿಡುತ್ತದೆ, ಕಪ್ಪು ಅಂಚಿನದು ಬಿಡುವುದಿಲ್ಲ. ಅವರು ಕ್ಯಾಮೆರಾವನ್ನಲ್ಲ, ಎದುರಿನ ಹವಳವನ್ನೋ ಮೀನನ್ನೋ ನೋಡಲಿ. ಕೈಯಲ್ಲೊಂದು ಟಾರ್ಚ್ ಇದ್ದರೆ ಆ ನೋಟಕ್ಕೆ ಕಾರಣವೂ ಸಿಗುತ್ತದೆ. ಉಸಿರು ಬಿಟ್ಟ ಗುಳ್ಳೆಗಳು ಮುಖವನ್ನು ದಾಟಿ ತಲೆಯ ಮೇಲಕ್ಕೆ ಹೋದ ಕ್ಷಣಕ್ಕೆ ಕಾಯಿರಿ. ಮೇಲಿನಿಂದ ಕೆಳಕ್ಕೆ ತೆಗೆಯದೆ, ಅವರಿಗಿಂತ ಕೆಳಗಿಳಿದು ಮೇಲ್ಮುಖವಾಗಿ ತೆಗೆಯಿರಿ. ಕೆಳಗಿನಿಂದ ನೋಡಿದಾಗ ಹೊರಗಿನ ಇಡೀ ಆಕಾಶ ಸುಮಾರು 97 ಡಿಗ್ರಿಯ ಬೆಳಗುವ ವೃತ್ತವೊಂದರಲ್ಲಿ ಅಡಕವಾಗಿ ಕಾಣುತ್ತದೆ; ಸೂರ್ಯನನ್ನು ಅವರ ದೇಹದ ಹಿಂದೆ ಮರೆಮಾಡಿ ಸೆಕೆಂಡಿನ 1/200 ಭಾಗದಷ್ಟು ವೇಗದ ಶಟರ್ ಇಟ್ಟರೆ, ನೀವು ಬೈದ ಆ ಕಪ್ಪು ಬೊಂಬೆಯೇ ಅಂದವಾದ ನೆರಳುಚಿತ್ರವಾಗುತ್ತದೆ. ಯಾವ ಕೈಸನ್ನೆಗೆ ಏನರ್ಥ ಎಂಬುದನ್ನು ನೀರಿಗಿಳಿಯುವ ಮೊದಲೇ ಮಾತಾಡಿಕೊಳ್ಳಿ. ಹೆಬ್ಬೆರಳೆತ್ತಿ 'ಮೇಲೆ ನೋಡು' ಎಂದರೆ ಡೈವರ್‌ಗೆ 'ಮೇಲಕ್ಕೆ ಹೋಗೋಣ' ಎಂದಾಗುತ್ತದೆ.

ಪ್ರಶ್ನೆ: ಫ್ಲ್ಯಾಶಿನಿಂದ ಜೀವಿಗಳಿಗೆ ತೊಂದರೆಯಿಲ್ಲವೇ? ಪಿಗ್ಮಿ ಕಡಲಕುದುರೆ ಪ್ರತಿ ಸಲವೂ ನನಗೆ ಬೆನ್ನು ತಿರುಗಿಸುತ್ತದೆ.

ಉತ್ತರ: ಬೆಳಕಿಗಿಂತ ಕೈ ಹೆಚ್ಚು ತೊಂದರೆ ಕೊಡುತ್ತದೆ. ಮುಖ ಇತ್ತ ತಿರುಗಲೆಂದು ಕಡ್ಡಿಯಿಂದ ತಳ್ಳುವುದು, ಹಿನ್ನೆಲೆ ಚೆನ್ನಾಗಿರಲೆಂದು ಎತ್ತಿ ಬೇರೆಡೆ ಕೂರಿಸುವುದು ನನ್ನ ಮಟ್ಟಿಗೆ ಚಿತ್ರ ಕದಿಯುವ ಕೆಲಸ. ಹಾಗೆಂದು ಫ್ಲ್ಯಾಶನ್ನು ಸುರಿಮಳೆಗೈಯಲು ಇದು ಪರವಾನಗಿಯಲ್ಲ. ಕಡಲಕುದುರೆಗಳಿಗೆ ಕಣ್ರೆಪ್ಪೆ ಇಲ್ಲ, ಕೆಲವು ದೇಶಗಳಲ್ಲಿ ಅವುಗಳಿಗೆ ಕಾನೂನಿನ ರಕ್ಷಣೆಯೂ ಇದೆ, ಹೋಗುವ ಮೊದಲು ವಿಚಾರಿಸಿಕೊಳ್ಳಿ. ಎರಡು ಸೆಂಟಿಮೀಟರ್ ಉದ್ದದ ಆ ಜೀವಿ ತನ್ನ ಬಾಲವನ್ನು ಬೀಸಣಿಗೆಯಂಥ ಹವಳದ ಕಡ್ಡಿಗೆ ಸುತ್ತಿಕೊಂಡು ಅದರ ಮೇಲೆಯೇ ಬದುಕು ಕಳೆಯುತ್ತದೆ, ಎಲ್ಲಿಗೂ ಓಡಿಹೋಗುವುದಿಲ್ಲ. ಫೋಕಸ್ ದೀಪವನ್ನು ಮಂಕುಮಾಡಿ, ಹವಳಕ್ಕೆ ಮೈ ತಾಗದಂತೆ ಪಕ್ಕದಲ್ಲಿ ತೇಲುತ್ತಾ ಕಾಯಿರಿ. ಪ್ರವಾಹಕ್ಕೆ ಹವಳ ಬಾಗಿದಾಗ ಅದು ಹಿಡಿತ ಸರಿಮಾಡಿಕೊಳ್ಳಲು ಒಮ್ಮೆ ಹೊರಳುತ್ತದೆ. ಆಗ ಮೂರು ನಾಲ್ಕು ಚಿತ್ರ ತೆಗೆದು ಜಾಗ ಬಿಡಿ. ಹೊರಳದಿದ್ದರೆ ಬೆನ್ನಿನ ಚಿತ್ರವನ್ನೇ ತೆಗೆಯಿರಿ, ಹವಳದ ಗಂಟುಗಳಂತೆಯೇ ಇರುವ ಅದರ ಮೈಮೇಲಿನ ಕೆಂಪು ಗುಬುಟುಗಳು ಅಲ್ಲಿಯೂ ಚೆನ್ನಾಗಿ ಕಾಣುತ್ತವೆ.